ಪಂಡೋರಾ ತೆರೆದದ್ದು ಪೆಟ್ಟಿಗೆಯಲ್ಲ

"ಅಯ್ಯೋ, ಈ ಹುಡುಗಿ ಪಂಡೋರಾ ಪೆಟ್ಟಿಗೆಯನ್ನೇ ತೆರೆದುಬಿಟ್ಟಳಲ್ಲ!"

ನಮ್ಮ ಸ್ಟಾಫ್ ರೂಮಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಹೀಗೆಂದಾಗ ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಾನು ಬೇರೆಯವರ ಮೇಲೆ ಸಾಕಷ್ಟು ಹರಿಹಾಯುವವಳಿದ್ದೇನೆ.

ಅದು 2017ರ ಡಿಸೆಂಬರ್. ಶಾಲೆಗೆ ಮೇಲಿನಿಂದ ಯಾರೋ ಅಧಿಕಾರಿಗಳು ಬಂದಿದ್ದರು. ಒಂಬತ್ತನೆಯ ತರಗತಿಗೆ ಹೋಗಿ, "ಏನಾದರೂ ತೊಂದರೆ ಇದೆಯೇ ಮಕ್ಕಳೇ?" ಎಂದು ವಾಡಿಕೆಯಂತೆ ಕೇಳಿದರು. ಇಂಥ ಪ್ರಶ್ನೆಗೆ ಮಕ್ಕಳು ಒಕ್ಕೊರಲಿನಿಂದ "ಇಲ್ಲಾ ಸಾರ್" ಎನ್ನಬೇಕೆಂಬುದು ಅಲಿಖಿತ ನಿಯಮ. ಆದರೆ ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ನಲ್ಲಿಯಲ್ಲಿ ನೀರು ಬಂದು ನಾಲ್ಕು ತಿಂಗಳಾಯಿತು, ಅದಕ್ಕೇ ನಾವು ಕೆಲವರು ತಿಂಗಳಲ್ಲಿ ಮೂರು ದಿನ ಶಾಲೆಗೆ ಬರುವುದಿಲ್ಲ ಎಂದು ಹೇಳಿದಳು. ದನಿ ನಡುಗುತ್ತಿತ್ತು, ಆದರೂ ಮೂರೂ ಮಾತನ್ನು ಪೂರ್ತಿ ಹೇಳಿಯೇ ಕುಳಿತಳು. ತೊಂದರೆಯೇನೆಂದರೆ, ಆ ದುರಸ್ತಿ ಆಗಿದೆಯೆಂದು ಪುಸ್ತಕದಲ್ಲಿ ಬರೆದಿತ್ತು. ಬಿಲ್ಲೂ ಆಗಿತ್ತು.

ಅಧಿಕಾರಿಗಳು ಹೋದ ಮೇಲೆ ಸ್ಟಾಫ್ ರೂಮಿನಲ್ಲಿ ಹುಟ್ಟಿದ ಮಾತು ಅದು. ಸಂಜೆಯ ಹೊತ್ತಿಗೆ ಅದು ತರಗತಿಗೂ ಇಳಿಯಿತು. ಹುಡುಗರು ಅವಳನ್ನು "ಪಂಡೋರಾ, ಪಂಡೋರಾ" ಎಂದು ಕೂಗಲು ಶುರುಮಾಡಿದರು. ಎರಡು ದಿನ ಬಿಟ್ಟು ಅವಳು ನನ್ನ ಹತ್ತಿರ ಬಂದು, "ಮಿಸ್, ಪಂಡೋರಾ ಅಂದ್ರೆ ಏನು ಮಿಸ್?" ಎಂದಳು. ನಾನು ಕನ್ನಡ ಪಾಠ ಮಾಡುವವಳು. ನನಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತಿರುವಷ್ಟೇ. ಗ್ರೀಕರ ಕಥೆಯಮ್ಮಾ, ದೇವರು ಒಬ್ಬಳು ಹೆಂಗಸಿನ ಕೈಗೆ ಮುಚ್ಚಿದ ಪೆಟ್ಟಿಗೆ ಕೊಟ್ಟು ತೆರೆಯಬೇಡ ಎಂದಿದ್ದ, ಅವಳು ಕುತೂಹಲ ತಡೆಯಲಾರದೆ ತೆರೆದಳು, ಲೋಕದ ಕಷ್ಟವೆಲ್ಲ ಹೊರಬಂತು ಎಂದು ಹೇಳಿ ಕಳಿಸಿದೆ. ಅವಳು "ಹಾಗಾ" ಎಂದಷ್ಟೇ ಅಂದು ಹೋದಳು.

ಆ "ಹಾಗಾ" ನನ್ನನ್ನು ಬಿಡಲಿಲ್ಲ. ಆ ಬೇಸಿಗೆ ರಜೆಯಲ್ಲಿ ಮಗಳ ಕಾರ್ಡಿನ ಮೇಲೆ ಅವಳ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕುಳಿತು ಈ ಪಂಡೋರಾ ಯಾರೆಂದು ಹುಡುಕಿದೆ. ನನಗೆ ಗ್ರೀಕ್ ಬಾರದು, ಇಂಗ್ಲಿಷ್ ಅನುವಾದಗಳೇ ಗತಿ. ಆದರೂ ಓದುತ್ತ ಹೋದಂತೆ ನಾನು ಆ ಹುಡುಗಿಗೆ ಹೇಳಿದ ಕಥೆಯಲ್ಲಿ ಮೂರು ಸುಳ್ಳುಗಳಿದ್ದವೆಂದು ಗೊತ್ತಾಯಿತು. ಪೆಟ್ಟಿಗೆ ಇರಲಿಲ್ಲ. ತೆರೆಯಬೇಡ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಕುತೂಹಲದ ಸುದ್ದಿಯೇ ಇರಲಿಲ್ಲ.

ಮೊದಲು ಹೆಸರನ್ನೇ ತೆಗೆದುಕೊಳ್ಳೋಣ. ಕನ್ನಡ ಟೀಚರಿಗೆ ಯಾವ ಪದ ಸಿಕ್ಕಿದರೂ ವಿಗ್ರಹವಾಕ್ಯ ಬಿಡಿಸುವ ಚಟ. ಗ್ರೀಕಿನಲ್ಲಿ 'ಪಾನ್' ಎಂದರೆ ಎಲ್ಲ, 'ಡೋರಾನ್' ಎಂದರೆ ಕೊಡುಗೆ. ಈ ಡೋರಾನ್ ನಮಗೆ ಪರಕೀಯನೇನಲ್ಲ. ಸಂಸ್ಕೃತದ 'ದಾನ'ವೂ ಅದೂ ಒಂದೇ ಬೇರಿನಿಂದ ಬಂದ ದಾಯಾದಿಗಳು. ಥಿಯೊಡೋರ್ ಎಂಬ ಕ್ರೈಸ್ತ ಹೆಸರನ್ನು ಬಿಡಿಸಿದರೆ ನಮ್ಮ ದೇವದತ್ತನೇ ಎದ್ದು ಬರುತ್ತಾನೆ. ಹಾಗಾದರೆ ಪಂಡೋರಾ ಎಂದರೇನು? ಇಲ್ಲಿಯೇ ಎರಡು ದಾರಿ. ಎಲ್ಲರಿಂದ ಕೊಡುಗೆ ಪಡೆದವಳು ಎಂದು ಬಿಡಿಸಬಹುದು, ಎಲ್ಲವನ್ನೂ ಕೊಡುವವಳು ಎಂದೂ ಬಿಡಿಸಬಹುದು. ನಮ್ಮಲ್ಲಿ 'ದತ್ತ' ಎಂದರೆ ಕೊಡಲ್ಪಟ್ಟವನು, 'ವರದ' ಎಂದರೆ ಕೊಡುವವನು. ಪಂಡೋರಾ ಸರ್ವದತ್ತೆಯೋ ಸರ್ವದೆಯೋ ಎಂಬುದೇ ಪ್ರಶ್ನೆ. ಒಂದು ಅರ್ಥದಲ್ಲಿ ಅವಳು ಇಸಿದುಕೊಂಡವಳು, ಇನ್ನೊಂದರಲ್ಲಿ ಅನ್ನದಾತೆ.

ನಮಗೆ ಮೊದಲನೆಯ ಅರ್ಥವನ್ನು ಕೊಟ್ಟವನು ಹೆಸಿಯಡ್ ಎಂಬ ಕವಿ. ಕ್ರಿ.ಪೂ. 700ರ ಸುಮಾರಿನವನು. ಗ್ರೀಸಿನ ಬಿಯೋಶಿಯಾ ಸೀಮೆಯಲ್ಲಿ, ಹೆಲಿಕಾನ್ ಬೆಟ್ಟದ ಬುಡದಲ್ಲಿ ಆಸ್ಕ್ರ ಎಂಬ ಹಳ್ಳಿ ಅವನ ಊರು. ಚಳಿಗಾಲಕ್ಕೂ ಕೆಟ್ಟದ್ದು, ಬೇಸಿಗೆಗೂ ಕೆಟ್ಟದ್ದು ಎಂದು ತನ್ನ ಊರನ್ನೇ ಬೈದುಕೊಂಡ ಮನುಷ್ಯ. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯದಲ್ಲಿ ಪರ್ಸಿಸ್ ಎಂಬ ಸಹೋದರ ಲಂಚ ತಿನ್ನಿಸಿ ಹೆಚ್ಚು ಹೊಡೆದುಕೊಂಡನೆಂಬ ಸಿಟ್ಟು ಇವನಿಗೆ. ಆ ಸಹೋದರನಿಗೆ ಬುದ್ಧಿ ಹೇಳುವ ನೆಪದಲ್ಲಿ ಬರೆದ 'ಕೆಲಸಗಳು ಮತ್ತು ದಿನಗಳು' ಎಂಬ ಕಾವ್ಯದಲ್ಲಿ ನಮ್ಮ ಪಂಡೋರಾ ಬರುತ್ತಾಳೆ. ಆಸ್ತಿಯ ಜಗಳ ಗಂಡಸರಿಬ್ಬರದು, ತೀರ್ಪು ಕೊಟ್ಟವರು ಗಂಡಸರು, ಲಂಚ ತಿಂದವರೂ ಅವರೇ. ಲೋಕ ಕೆಟ್ಟದ್ದು ಯಾರಿಂದ ಎಂದರೆ ಹೆಣ್ಣಿನಿಂದ! ನಮ್ಮ ಕಡೆ ಇದಕ್ಕೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ.

ಕಥೆಯನ್ನು ಅವನು ಹೇಳಿದ ಹಾಗೆಯೇ ನೋಡಿ. ಬಲಿಯ ಮಾಂಸ ಹಂಚುವಾಗ ಪ್ರೊಮಿಥಿಯಸ್ ಮೂಳೆಗಳಿಗೆ ಕೊಬ್ಬು ಹೊದಿಸಿ ದೇವರಾಜನಾದ ಜ್ಯೂಸನಿಗೆ ಮೋಸ ಮಾಡುತ್ತಾನೆ. (ಈ ಜ್ಯೂಸ್ ಎಂಬ ಹೆಸರು ಹೇಳಿದರೆ ತರಗತಿಯಲ್ಲಿ ಐದು ನಿಮಿಷ ಪಾಠ ನಿಲ್ಲುತ್ತದೆ.) ಸಿಟ್ಟಾದ ಜ್ಯೂಸ್ ಮನುಷ್ಯರಿಂದ ಬೆಂಕಿಯನ್ನು ಬಚ್ಚಿಡುತ್ತಾನೆ. ಪ್ರೊಮಿಥಿಯಸ್ ಅದನ್ನು ಟೊಳ್ಳು ದಂಟಿನಲ್ಲಿಟ್ಟು ಕದ್ದು ತರುತ್ತಾನೆ. ಇದಕ್ಕೆ ಪ್ರತಿಯಾಗಿ ಮನುಷ್ಯರಿಗೊಂದು ಕೇಡು ಕೊಡುತ್ತೇನೆ ಎಂದು ಜ್ಯೂಸ್ ಗಹಗಹಿಸಿ ನಗುತ್ತಾನೆ. ಆಗ ಅವನ ಅಪ್ಪಣೆಯಂತೆ ಹೆಫೀಸ್ಟಸ್ ಮಣ್ಣು ನೀರು ಕಲಸಿ ಹೆಣ್ಣನ್ನು ಮಾಡುತ್ತಾನೆ, ಅಥೀನಾ ಉಡಿಸುತ್ತಾಳೆ, ಹರ್ಮಿಸ್ ಎಂಬುವನು ಅವಳೊಳಗೆ ಸುಳ್ಳನ್ನೂ ಕಳ್ಳಬುದ್ಧಿಯನ್ನೂ ಇಟ್ಟು, ಒಲಿಂಪಸ್ಸಿನ ದೇವತೆಗಳೆಲ್ಲರ ಕೊಡುಗೆ ಇದೆಯೆಂದು ಪಂಡೋರಾ ಎಂದು ಹೆಸರಿಡುತ್ತಾನೆ. ಇಷ್ಟು ಹೊತ್ತಿಗೆ ಮೋಸವೂ ಆಗಿದೆ, ಕಳವೂ ಆಗಿದೆ, ಸೇಡಿನ ಸಂಕಲ್ಪವೂ ಆಗಿದೆ. ಅವಳು ಈಗಷ್ಟೇ ಕಣ್ಣು ಬಿಟ್ಟಿದ್ದಾಳೆ.

ಇನ್ನು ಅಪ್ಪಣೆ ಮೀರಿದ್ದು ಯಾರು? ಜ್ಯೂಸ್ ಏನು ಕೊಟ್ಟರೂ ತೆಗೆದುಕೊಳ್ಳಬೇಡ ಎಂದು ಪ್ರೊಮಿಥಿಯಸ್ ತನ್ನ ತಮ್ಮ ಎಪಿಮಿಥಿಯಸ್‌ಗೆ ಎಚ್ಚರಿಕೆ ಹೇಳಿದ್ದ. ಆ ತಮ್ಮನ ಹೆಸರಿನ ಅರ್ಥವೇ ಆಮೇಲೆ ಯೋಚಿಸುವವನು ಎಂದು. ಹೆಸರಿಗೆ ತಕ್ಕಂತೆ ಅವನು ಮರೆತು, ಪಂಡೋರಾಳನ್ನು ಮನೆ ತುಂಬಿಸಿಕೊಂಡ. ಇಡೀ ಕಥೆಯಲ್ಲಿ 'ಬೇಡ' ಎಂದು ಹೇಳಿಸಿಕೊಂಡವನು ಅವನೊಬ್ಬನೇ, ಮೀರಿದವನೂ ಅವನೊಬ್ಬನೇ. ಎಪಿಮಿಥಿಯಸ್ಸನ ಪೆಟ್ಟಿಗೆ ಎಂಬ ನುಡಿಗಟ್ಟನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ನ್ಯಾಯವಾಗಿ ಹೇಳಬೇಕೆಂದರೆ, ಮುಚ್ಚಳ ತೆಗೆದವಳು ಪಂಡೋರಾಳೇ ಎಂದು ಹೆಸಿಯಡ್ ಹೇಳುತ್ತಾನೆ; ಕಷ್ಟಗಳನ್ನು ಅವಳು ಹರಡಿದಳೆಂದೂ ಹೇಳುತ್ತಾನೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅವಳು ಮುಚ್ಚಳ ತೆಗೆದದ್ದು ಯಾವುದರದ್ದು? ಅವನ ಪದ 'ಪಿಥೋಸ್'. ಪಿಥೋಸ್ ಎಂದರೆ ಕಾಳು, ಎಣ್ಣೆ, ದ್ರಾಕ್ಷಾರಸ ತುಂಬಿಡುವ ದೊಡ್ಡ ಮಣ್ಣಿನ ವಾಡೆ. ಕ್ರೀಟ್ ದ್ವೀಪದ ಕ್ನಾಸಸ್ ಅರಮನೆಯ ಉಗ್ರಾಣದಲ್ಲಿ ಸಿಕ್ಕ ಕೆಲವು ಪಿಥೋಸ್‌ಗಳು ಆಳೆತ್ತರಕ್ಕಿಂತ ದೊಡ್ಡವು. ಅನೇಕ ಕಡೆ ಅದನ್ನು ಅರ್ಧ ನೆಲದಲ್ಲಿ ಹೂಳುತ್ತಿದ್ದರು. ಚಿತ್ರ ನೋಡಿದ ಕೂಡಲೇ ನನಗೆ ನಮ್ಮ ಅಜ್ಜಿಯ ಮನೆಯ ನಡುಮನೆಯಲ್ಲಿ ಸಾಲಾಗಿ ನಿಂತಿದ್ದ ವಾಡೆಗಳು ನೆನಪಾದವು. ನಾನು ಒಮ್ಮೆ ಕಣ್ಣಾಮುಚ್ಚಾಲೆ ಆಡುವಾಗ ಅದರೊಳಗೆ ಇಳಿದು, ಹತ್ತಲಾಗದೆ ಅತ್ತು, ಪೆಟ್ಟು ತಿಂದದ್ದೂ ನೆನಪಾಯಿತು. ಹಾಗೆ ನೋಡಿದರೆ ವಾಡೆಯ ಮುಚ್ಚಳ ತೆಗೆಯುವುದು ಮನೆಯ ಹೆಂಗಸಿನ ದಿನನಿತ್ಯದ ಕೆಲಸ. ತೆಗೆಯದಿದ್ದರೆ ರೊಟ್ಟಿ ಎಲ್ಲಿಂದ? ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿದ್ದರೆ ತಪ್ಪು ತೆರೆದವರದ್ದೇ?

ಆ ವಾಡೆಯೊಳಗೆ ಕಷ್ಟಗಳನ್ನು ತುಂಬಿದವರು ಯಾರೆಂದು ಹೆಸಿಯಡ್ ಹೇಳುವುದೇ ಇಲ್ಲ. ಅದು ಆ ಮನೆಗೆ ಹೇಗೆ ಬಂತೆಂದೂ ಹೇಳುವುದಿಲ್ಲ. ಹೋಮರನನ್ನು ಕೇಳಿ, ಇಲಿಯಡ್ ಕಾವ್ಯದ ಕಡೆಯ ಭಾಗದಲ್ಲಿ ಸಾಕ್ಷಿ ಸಿಗುತ್ತದೆ. ಅಲ್ಲಿ ಜ್ಯೂಸನ ಹೊಸಿಲಲ್ಲಿ ಪಿಥೋಸ್‌ಗಳಿವೆ, ಕೇಡಿನದೊಂದು, ಒಳಿತಿನದೊಂದು. ಅವನು ಮನಸ್ಸಿಗೆ ಬಂದಂತೆ ಬೆರೆಸಿ ಮನುಷ್ಯರಿಗೆ ಹಂಚುತ್ತಾನೆ. ಕೇಡಿನ ವಾಡೆ ಯಾರ ಮನೆಯದೆಂದು ಇದಕ್ಕಿಂತ ಸ್ಪಷ್ಟವಾಗಿ ಬೇಕೆ? ಅಷ್ಟೇ ಅಲ್ಲ, ಈಸೋಪನ ಕಥೆಗಳನ್ನು ಗ್ರೀಕ್ ಪದ್ಯಕ್ಕೆ ಇಳಿಸಿದ ಬಾಬ್ರಿಯಸ್ ಇದೇ ವಾಡೆಯ ಕಥೆಯನ್ನು ಬೇರೆ ಥರ ಹೇಳುತ್ತಾನೆ. ಜ್ಯೂಸ್ ಒಳ್ಳೆಯದನ್ನೆಲ್ಲ ವಾಡೆಯಲ್ಲಿ ತುಂಬಿ ಮನುಷ್ಯನ ಬಳಿ ಇಟ್ಟ, ಮನುಷ್ಯ ತಡೆಯಲಾರದೆ ಮುಚ್ಚಳ ಎತ್ತಿದ, ಒಳಿತೆಲ್ಲ ದೇವರ ಬಳಿಗೆ ಹಾರಿಹೋಯಿತು, ಭರವಸೆಯೊಂದು ಉಳಿಯಿತು ಎಂದು. ಕುತೂಹಲ ಇರುವುದು ಇಲ್ಲಿ. ಈ ಕಥೆಯಲ್ಲಿ ಹೆಂಗಸಿನ ಹೆಸರೇ ಇಲ್ಲ.

ಇನ್ನು ಪೆಟ್ಟಿಗೆ ಎಲ್ಲಿಂದ ಬಂತು? 1508ರಲ್ಲಿ ಎರಾಸ್ಮಸ್ ಎಂಬ ಡಚ್ ಪಂಡಿತ ಮೂರು ಸಾವಿರಕ್ಕೂ ಹೆಚ್ಚು ಗ್ರೀಕ್ ಮತ್ತು ಲ್ಯಾಟಿನ್ ಗಾದೆಗಳ ದೊಡ್ಡ ಸಂಗ್ರಹವನ್ನು ವೆನಿಸ್ಸಿನಲ್ಲಿ ಅಚ್ಚು ಹಾಕಿಸಿದ. ಪಂಡೋರಾಳ ಕಥೆ ಹೇಳುವಾಗ 'ಪಿಥೋಸ್' ಇದ್ದಲ್ಲಿ 'ಪಿಕ್ಸಿಸ್' ಎಂದು ಬರೆದುಬಿಟ್ಟ. ಪಿಕ್ಸಿಸ್ ಎಂದರೆ ಹೆಂಗಸರು ಒಡವೆ, ಅಲಂಕಾರದ ಬಣ್ಣಗಳನ್ನು ಇಟ್ಟುಕೊಳ್ಳುವ ಪುಟ್ಟ ಭರಣಿ. ಡೋರಾ ಮತ್ತು ಎರ್ವಿನ್ ಪನೋಫ್‌ಸ್ಕಿ ಎಂಬ ದಂಪತಿಗಳು 1956ರಲ್ಲಿ ಈ ಒಂದು ತಪ್ಪಿನ ಜಾಡು ಹಿಡಿದೇ ಒಂದು ಪುಸ್ತಕ ಬರೆದರು. (ಆ ಹೆಂಡತಿಯ ಹೆಸರೂ ಡೋರಾ!) ಸೈಕಿ ಎಂಬ ಹುಡುಗಿ ತೆರೆಯಬಾರದ ಭರಣಿಯೊಂದನ್ನು ತೆರೆದು ನಿದ್ದೆಗೆ ಬಿದ್ದ ಲ್ಯಾಟಿನ್ ಕಥೆ ಬೇರೆ ಇತ್ತು, ಎರಾಸ್ಮಸ್ ಎರಡನ್ನೂ ಬೆರೆಸಿಕೊಂಡಿರಬೇಕು ಎಂಬುದು ಅವರ ಊಹೆ. ವಿದ್ವಾಂಸರ ಕೈತಪ್ಪು ಎಂದು ನಗಬಹುದು. ಆದರೆ ತಪ್ಪು ಯಾವ ಕಡೆಗೆ ಜಾರಿತು ನೋಡಿ: ಊರ ಹೊಟ್ಟೆ ತುಂಬುವ ಕಣಜ ಹೋಗಿ ಕಾಡಿಗೆ ಡಬ್ಬಿ ಬಂತು. ಮುಂದೆ 1851ರಲ್ಲಿ ಅಮೆರಿಕದ ಹಾಥಾರ್ನ್ ಮಕ್ಕಳಿಗಾಗಿ ಇದನ್ನು ಬರೆದಾಗ ಪಂಡೋರಾ ಸುಮ್ಮನಿರಲಾರದ ಪುಟ್ಟ ಹುಡುಗಿಯಾದಳು. ನಾನು ನನ್ನ ವಿದ್ಯಾರ್ಥಿನಿಗೆ ಹೇಳಿದ ಕಥೆ ಹೆಚ್ಚುಕಡಿಮೆ ಆ ವಂಶದ್ದೇ. ಎರಡೂವರೆ ಸಾವಿರ ವರ್ಷ ಹಳೆಯದೆಂದು ತಿಳಿದು ಅವಳಿಗೆ ಕೊಟ್ಟದ್ದು ಮೊನ್ನೆಮೊನ್ನೆಯ ಸರಕು.

ಹೆಸರಿಗೆ ಮತ್ತೆ ಬರುತ್ತೇನೆ, ಏಕೆಂದರೆ ನನ್ನ ಜಗಳವಿರುವುದು ಅಲ್ಲಿ. ಹೆಸಿಯಡ್ ತಾನೇ ಅದೇ ಕಾವ್ಯದಲ್ಲಿ ಹೊಲಕ್ಕೆ 'ಝೈಡೋರೋಸ್' ಎಂಬ ವಿಶೇಷಣ ಬಳಸುತ್ತಾನೆ. ಧಾನ್ಯ ಕೊಡುವ ಭೂಮಿ ಎಂದರ್ಥ. ಅಲ್ಲಿ ಡೋರೋಸ್ ಎಂದರೆ ಕೊಡುವುದು. ಹೆಣ್ಣಿನ ಹೆಸರಿಗೆ ಬಂದಾಗ ಮಾತ್ರ ಅದೇ ಪದ ಇಸಿದುಕೊಂಡದ್ದು ಆಗಿಬಿಡುತ್ತದೆ! ಕ್ರಿ.ಪೂ. 414ರಲ್ಲಿ ಅಥೆನ್ಸಿನಲ್ಲಿ ಆಡಿದ ಅರಿಸ್ಟೊಫೇನಿಸನ 'ಹಕ್ಕಿಗಳು' ನಾಟಕದಲ್ಲಿ ಒಬ್ಬ ಕಣಿ ಹೇಳುವವನು ಮೊದಲು ಪಂಡೋರಾಗೆ ಬಿಳಿ ಟಗರನ್ನು ಬಲಿ ಕೊಡಬೇಕೆನ್ನುತ್ತಾನೆ. ಲೋಕ ಕೆಡಿಸಿದವಳಿಗೆ ಯಾರು ಬಲಿ ಕೊಡುತ್ತಾರೆ? ಪಂಡೋರಾ ಎಂದರೆ ಭೂಮಿ, ಬದುಕಿಗೆ ಬೇಕಾದ್ದನ್ನೆಲ್ಲ ಕೊಡುವುದರಿಂದ ಆ ಹೆಸರು ಎಂದು ಹಳೆಯ ಟೀಕಾಕಾರನೊಬ್ಬ ಆ ಸಾಲಿಗೆ ಟಿಪ್ಪಣಿ ಬರೆದಿಟ್ಟಿದ್ದಾನೆ. ನಮ್ಮ ವಸುಂಧರೆಯ ಹಾಗೆ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಒಂದು ಬಟ್ಟಲಿದೆ, ಕ್ರಿ.ಪೂ. ಐದನೆಯ ಶತಮಾನದ್ದು. ಬಿಳಿಯ ಹಿನ್ನೆಲೆಯಲ್ಲಿ ಅಥೀನಾ ಒಂದು ಕಡೆ, ಹೆಫೀಸ್ಟಸ್ ಒಂದು ಕಡೆ. ನಡುವೆ ಈಗಷ್ಟೇ ರೂಪುಗೊಂಡ ಹೆಣ್ಣು ಕೈ ಇಳಿಬಿಟ್ಟು ನಿಂತಿದ್ದಾಳೆ. ಕಲಾವಿದ ಪಕ್ಕದಲ್ಲಿ ಅವಳ ಹೆಸರು ಬರೆದಿದ್ದಾನೆ: ಅನೆಸಿಡೋರಾ. ನೆಲದೊಳಗಿಂದ ಕೊಡುಗೆಗಳನ್ನು ಮೇಲಕ್ಕೆ ಕಳಿಸುವವಳು ಎಂದು ಅರ್ಥ. ಬೆಳೆಯ ದೇವತೆ ಡಿಮಿಟರಳಿಗೂ ಇದೇ ಹೆಸರಿತ್ತು. ಆಕ್ಸ್‌ಫರ್ಡಿನ ಅಶ್ಮೋಲಿಯನ್ ಮ್ಯೂಸಿಯಮ್ಮಿನ ಇನ್ನೊಂದು ಪಾತ್ರೆಯ ಮೇಲೆ ಪಂಡೋರಾ ನೆಲದಿಂದಲೇ ಮೊಳಕೆಯ ಹಾಗೆ ಮೇಲೇಳುತ್ತಾಳೆ. ನಾನು ಈ ಚಿತ್ರಗಳನ್ನು ಪುಸ್ತಕದಲ್ಲಿ ನೋಡಿದ್ದಷ್ಟೇ. ಆ ಬಟ್ಟಲಿನ ಚಿತ್ರದ ಮುಂದೆ ಎಷ್ಟು ಹೊತ್ತು ಕುಳಿತಿದ್ದೆನೋ, ಗ್ರಂಥಾಲಯದವರು ದೀಪ ಆರಿಸಲು ಬಂದರು.

ಅಥೆನ್ಸಿನ ಪಾರ್ಥೆನಾನ್ ಗುಡಿಯಲ್ಲಿ ಫಿಡಿಯಾಸ್ ಮಾಡಿದ ಅಥೀನಾಳ ಚಿನ್ನ-ದಂತದ ದೊಡ್ಡ ವಿಗ್ರಹವಿತ್ತು, ಕ್ರಿ.ಪೂ. 438ರದು. ಅದರ ಪೀಠದ ಮೇಲೆ ಕೆತ್ತಿದ್ದು ಪಂಡೋರಾಳ ಜನನವನ್ನು. ಊರಿನ ಅಧಿದೇವತೆಯ ಪಾದದಡಿ ಅಪಶಕುನವನ್ನು ಯಾರೂ ಕೆತ್ತಿಸುವುದಿಲ್ಲ ಎಂದು ನನಗನಿಸುತ್ತದೆ.

ಈ ತುಂಡುಗಳನ್ನೆಲ್ಲ ಜೋಡಿಸಿ, ಭೂಮಿತಾಯಿಯನ್ನು ಇಳಿಸಿ ಮೋಹಿನಿಯನ್ನಾಗಿ ಮಾಡಿದರು ಎಂದು ಗಟ್ಟಿಯಾಗಿ ಹೇಳಿದವಳು ಕೇಂಬ್ರಿಜ್ಜಿನ ಜೇನ್ ಹ್ಯಾರಿಸನ್. ಗ್ರೀಕ್ ಧರ್ಮದ ಬಗ್ಗೆ 1903ರಲ್ಲಿ ಬಂದ ಅವಳ ದಪ್ಪ ಪುಸ್ತಕದಲ್ಲಿ ಈ ವಾದವಿದೆ. ಅವಳು ಹೇಳಿದ್ದನ್ನೆಲ್ಲ ಈಗಿನ ವಿದ್ವಾಂಸರು ಒಪ್ಪುವುದಿಲ್ಲ. ಒಂದು ಕಾಲಕ್ಕೆ ತಾಯಂದಿರದೇ ಆಳ್ವಿಕೆಯಿತ್ತು ಎಂಬಂಥ ಮಾತಿಗೆ ಆಧಾರ ಸಾಲದೆನ್ನುತ್ತಾರೆ. ಇರಲಿ. ಆ ಬಟ್ಟಲಿನ ಮೇಲಿನ ಅಕ್ಷರಗಳನ್ನಂತೂ ಯಾರೂ ಅಳಿಸಲಾರರು. ಹ್ಯಾರಿಸನ್ ಬಗ್ಗೆ ಇನ್ನೊಂದು ವಿಷಯ ಓದಿ ನಾನು ಪುಸ್ತಕ ಮುಚ್ಚಿಟ್ಟೆ. 1879ರಲ್ಲಿ ಅವಳು ಕೇಂಬ್ರಿಜ್ಜಿನ ಪರೀಕ್ಷೆ ಪಾಸು ಮಾಡಿದ್ದಳು, ಆದರೆ ಪದವಿ ಸಿಗಲಿಲ್ಲ. ಹೆಂಗಸರಿಗೆ ಪದವಿ ಕೊಡಲು ಆ ವಿಶ್ವವಿದ್ಯಾಲಯ ಮನಸ್ಸು ಮಾಡಿದ್ದು 1948ರಲ್ಲಿ. ಅವಳು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ನನ್ನ ಬಿ.ಎ., ಬಿ.ಎಡ್. ಎರಡೂ ಟ್ರಂಕಿನ ತಳದಲ್ಲಿ ಜಿರಳೆ ಗುಳಿಗೆಯ ವಾಸನೆ ಹೊಡೆಯುತ್ತ ಬಿದ್ದಿವೆ.

ಹೆಸಿಯಡ್‌ನ ಇನ್ನೊಂದು ಅಪವಾದಕ್ಕೆ ಉತ್ತರ ಕೊಡದೆ ಬಿಡಲಾರೆ. 'ದೇವತೆಗಳ ಹುಟ್ಟು' ಎಂಬ ಅವನ ಇನ್ನೊಂದು ಕಾವ್ಯದಲ್ಲಿಯೂ ಈ ಮಣ್ಣಿನ ಹೆಣ್ಣು ಬರುತ್ತಾಳೆ. ಅಲ್ಲಿ ಹೆಸರೂ ಇಲ್ಲ, ವಾಡೆಯೂ ಇಲ್ಲ, ಅವಳೇ ಕೇಡು. ಜೇನುನೊಣಗಳು ಹಗಲೆಲ್ಲ ದುಡಿದು ತಂದದ್ದನ್ನು ಗೂಡಿನಲ್ಲಿ ಕುಳಿತು ತಿನ್ನುವ ಸೋಮಾರಿ ನೊಣಗಳಂತೆ ಹೆಂಗಸರು ಎಂದು ಅಲ್ಲಿ ಹೋಲಿಕೆ ಕೊಡುತ್ತಾನೆ. ನಮ್ಮ ಏಳನೆಯ ತರಗತಿಯ ಮಗುವಿಗೂ ಗೊತ್ತು: ದುಡಿಯುವ ಜೇನು ಹೆಣ್ಣು, ಕುಳಿತು ತಿನ್ನುವುದು ಗಂಡು. ವಿಜ್ಞಾನದ ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು ನಕ್ಕು, "ಬಿಡಿ ಮೇಡಂ, ಎಷ್ಟೋ ಸಾವಿರ ವರ್ಷದ ಕಥೆ, ಈಗ್ಯಾಕೆ ಅದರ ಮೇಲೆ ಜಗಳ" ಎಂದರು.

ಇದೇ ಮಾತನ್ನು ಓದುಗರಲ್ಲಿ ಕೆಲವರಾದರೂ ಅಂದುಕೊಳ್ಳುತ್ತಿರಬಹುದು. ಅದೊಂದು ನುಡಿಗಟ್ಟು ಮಾತ್ರ ತಾನೇ ಎಂದು. 1791ರಲ್ಲಿ ಪಂಡೋರಾ ಎಂಬ ಇಂಗ್ಲಿಷರ ಯುದ್ಧನೌಕೆಯಲ್ಲಿ ಹದಿನಾಲ್ಕು ಕೈದಿಗಳನ್ನು ಕೂಡಿಹಾಕಲು ಮಾಡಿದ ಬೋನಿಗೆ ಪಂಡೋರಾ ಪೆಟ್ಟಿಗೆ ಎಂದೇ ಹೆಸರು ಬಿತ್ತು. ಹಡಗು ಮುಳುಗಿದಾಗ ಅವರಲ್ಲಿ ನಾಲ್ವರು ಸತ್ತರು. ಬೋನು ಕಟ್ಟಿಸಿದ ಕ್ಯಾಪ್ಟನ್ನನ ಹೆಸರು ಅದಕ್ಕೆ ಬೀಳಲಿಲ್ಲ. 2021ರ ಅಕ್ಟೋಬರಿನಲ್ಲಿ ಅಂತಾರಾಷ್ಟ್ರೀಯ ತನಿಖಾ ಪತ್ರಕರ್ತರ ಒಕ್ಕೂಟ ಜಗತ್ತಿನ ಸಿರಿವಂತರು, ಅಧಿಕಾರಸ್ಥರು ಹೊರದೇಶಗಳಲ್ಲಿ ಗುಟ್ಟಾಗಿ ಇಟ್ಟುಕೊಂಡ ಹಣಕಾಸಿನ 1 ಕೋಟಿ 19 ಲಕ್ಷ ದಾಖಲೆಗಳನ್ನು ಬಯಲಿಗೆ ತಂದಾಗ ಅವುಗಳಿಗೆ ಬಂದ ಹೆಸರು ಪಂಡೋರಾ ಪೇಪರ್ಸ್. ಬಚ್ಚಿಟ್ಟವರು ಯಾರ್‍ಯಾರೋ. ಹೆಸರು ಮಾತ್ರ ಇವಳದು. ನಮ್ಮ ಪತ್ರಿಕೆಗಳೂ ಯಾವ ಹಗರಣ ಬಯಲಾದರೂ ಪಂಡೋರಾ ಪೆಟ್ಟಿಗೆ ತೆರೆಯಿತು ಎಂದು ದಪ್ಪಕ್ಷರದಲ್ಲಿ ಹಾಕುತ್ತವೆ. ಓದಿದವರ ಮನಸ್ಸಿಗೆ ಏನು ಬರುತ್ತದೆ? ತೆರೆಯದಿದ್ದರೆ ಚೆನ್ನಾಗಿತ್ತು ಎಂದು. ಮುಚ್ಚಿದ್ದಾಗ ಒಳಗಿದ್ದದ್ದು ಏನು, ಯಾರು ತುಂಬಿದರು ಎಂದು ಕೇಳುವುದನ್ನು ಈ ನುಡಿಗಟ್ಟು ಮರೆಸುತ್ತದೆ. ಅದಕ್ಕೇ ಇದು ನಮ್ಮ ಸ್ಟಾಫ್ ರೂಮಿಗೆ ಅಷ್ಟು ಚೆನ್ನಾಗಿ ಒಗ್ಗಿತು. ನಾಲ್ಕು ತಿಂಗಳಿಂದ ಚಿಲಕವಿಲ್ಲದ ಬಾಗಿಲಿನ ಬಗ್ಗೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲವೆ? ನನಗೆ ಗೊತ್ತಿತ್ತು. ಶಿಕ್ಷಕಿಯರ ಶೌಚಾಲಯದ ಬೀಗದ ಕೈ ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಇರುತ್ತಿತ್ತು.

ರಜೆ ಮುಗಿಸಿ ಜೂನ್ ತಿಂಗಳಲ್ಲಿ ಶಾಲೆಗೆ ಹೋಗುವಾಗ ನಾನು ಎರಡು ಹಾಳೆ ತುಂಬ ಬರೆದುಕೊಂಡಿದ್ದೆ. ಬಟ್ಟಲಿನ ಚಿತ್ರದ ಜೆರಾಕ್ಸ್ ಪ್ರತಿಯನ್ನೂ ಇಟ್ಟುಕೊಂಡಿದ್ದೆ. ಹಾಜರಿ ಕರೆದಾಗ ಆ ಹುಡುಗಿಯ ಹೆಸರು ಬರಲಿಲ್ಲ. ಅವಳಪ್ಪ ಬಂದು ಟಿ.ಸಿ. ತೆಗೆದುಕೊಂಡು ಹೋದರೆಂದು ಗುಮಾಸ್ತರು ಹೇಳಿದರು. ಎಲ್ಲಿಗೆ ಎಂದು ಅವರಿಗೆ ಗೊತ್ತಿರಲಿಲ್ಲ. ದಾಖಲಾತಿ ಪುಸ್ತಕದಲ್ಲಿದ್ದ ವಿಳಾಸಕ್ಕೆ ಆ ಹಾಳೆಗಳನ್ನೂ ಚಿತ್ರವನ್ನೂ ಅಂಚೆಯಲ್ಲಿ ಹಾಕಿದೆ. ಸರ್ವದೆ ಎಂದರೇನೆಂದು ಅವಳಿಗೆ ತಿಳಿಯುವಂತೆ ದೊಡ್ಡ ಅಕ್ಷರದಲ್ಲಿ ಬಿಡಿಸಿ ಬರೆದಿದ್ದೆ. ಉತ್ತರ ಬರಲಿಲ್ಲ.

ಚಿಲಕ ಬಂದಿತ್ತು. ಹೊಸದು, ಹಿತ್ತಾಳೆಯದು.